ಪ್ಯಾರಿಸ್ ಹೆಂಗಸಿನ ಹಣೆಯ ಕುಂಕುಮ

ನಮ್ಮ ಫ್ರಿಜ್ಜಿನ ಬಾಗಿಲ ಮೇಲೆ ಈಚೆಗೆ ಒಬ್ಬ ಹೆಂಗಸು ಬಂದು ಕೂತಿದ್ದಾಳೆ. ಬೆಂಕಿಪೆಟ್ಟಿಗೆಗಿಂತ ತುಸು ದೊಡ್ಡವಳು, ಬೆನ್ನಿಗೆ ಅಯಸ್ಕಾಂತ. ಕಚೇರಿಯಲ್ಲಿ ನನ್ನ ಪಕ್ಕದ ಮೇಜಿನಲ್ಲಿದ್ದ ಗಿರಿಜ ನಿವೃತ್ತಿಯಾದ ಮೇಲೆ ಗಂಡನ ಜೊತೆ ಪ್ಯಾಕೇಜ್ ಟೂರಿನಲ್ಲಿ ಯೂರೋಪಿಗೆ ಹೋಗಿದ್ದಳು. ಹನ್ನೆರಡು ದಿನದಲ್ಲಿ ಏಳು ದೇಶ ನೋಡಿ, ಏಳು ಕಡೆಯೂ ಮೊಸರನ್ನ ಸಿಕ್ಕಿತೆಂಬ ಸಂತೃಪ್ತಿಯಿಂದ ವಾಪಸು ಬಂದು ನನ್ನ ಕೈಗೆ ಇದನ್ನಿಟ್ಟಳು. "ನೀನಂತೂ ಮ್ಯೂಸಿಯಂ ಎಕ್ಸ್‌ಪರ್ಟು, ನಿಂಗೆ ಇದಕ್ಕಿಂತ ಇನ್ನೇನ್ ತರ್ಲಿ ಹೇಳು" ಎಂದಳು. ಅಂದಿನಿಂದ ಕರಿಬೇವಿಗೆಂದು ಫ್ರಿಜ್ ತೆಗೆದಾಗಲೆಲ್ಲ ಈಕೆ ನನ್ನನ್ನು ನೋಡಿ ತುಟಿ ಬಿಚ್ಚದೆ ನಗುತ್ತಾಳೆ. ಆ ನಗುವಿನ ಅರ್ಥವೇನೆಂದು ಪ್ರಪಂಚದ ಪಂಡಿತರೆಲ್ಲ ತಲೆ ಕೆರೆದುಕೊಂಡಿದ್ದಾರಂತೆ. ನನಗೆ ಮಾತ್ರ ಚೆನ್ನಾಗಿ ಗೊತ್ತು, ಆಕೆ ನಗುತ್ತಿರುವುದು ನನ್ನನ್ನು ನೋಡಿಯೇ.

ಎಕ್ಸ್‌ಪರ್ಟಂತೆ! ನಾನು ಜೀವಮಾನದಲ್ಲಿ ನೋಡಿದ ಮ್ಯೂಸಿಯಂ ಒಂದೇ ಒಂದು. ಅದೂ ಹೈಸ್ಕೂಲಿನಲ್ಲಿದ್ದಾಗ, ಇಬ್ಬಿಬ್ಬರು ಕೈಹಿಡಿದುಕೊಂಡು ಸಾಲಾಗಿ ನಡೆದು. ಅಲ್ಲಿ ಏನೇನಿತ್ತು ಎಂದು ಕೇಳಿದರೆ, ಹೊರಗಡೆ ಉಪ್ಪುಖಾರ ಹಚ್ಚಿದ ಸೌತೆಕಾಯಿ ಬಹಳ ಚೆನ್ನಾಗಿತ್ತು ಎಂದಷ್ಟೇ ಹೇಳಬಲ್ಲೆ. ಪಾಸ್‌ಪೋರ್ಟ್ ಮಾಡಿಸಿಲ್ಲ. ವಿಮಾನವನ್ನು ನೆತ್ತಿಯ ಮೇಲೆ ಹಾರುವಾಗ ನೋಡಿದ್ದೇನೆ. ಆದರೂ ತೊಂಬತ್ತರ ದಶಕದ ನಡುವಿನ ಒಂದು ನವರಾತ್ರಿಯಲ್ಲಿ, ಜಯನಗರದ ನಮ್ಮ ಬೀದಿಯ ಮಟ್ಟಿಗೆ, ಪ್ರಪಂಚದ ಮ್ಯೂಸಿಯಂಗಳ ವಿಷಯದಲ್ಲಿ ನನ್ನ ಮಾತೇ ಕೊನೆಯ ಮಾತಾಗಿತ್ತು. ಆ ಕಥೆಯಲ್ಲಿ ಗಿರಿಜಳಿಗೆ ಗೊತ್ತಿರುವುದು ಅರ್ಧ ಮಾತ್ರ. ನಿಮಗೆ ಪೂರ್ತಿ ಹೇಳುತ್ತೇನೆ, ನೀವು ನಮ್ಮ ಕಚೇರಿಯವರಲ್ಲವಲ್ಲ.

ಎಲ್ಲಕ್ಕೂ ಮೂಲ ಲಲಿತ. ಎರಡು ಮನೆ ಆಚೆಯವಳು, ನನ್ನ ಓರಗೆಯವಳು, ಒಳ್ಳೆಯವಳೇ. ಆದರೆ ನವರಾತ್ರಿ ಬಂತೆಂದರೆ ನಾವಿಬ್ಬರೂ ಬೇರೆಯೇ ಮನುಷ್ಯರಾಗುತ್ತಿದ್ದೆವು. ಆಗೆಲ್ಲ ಸಾಯಂಕಾಲವಾದರೆ ಬೀದಿಯ ಮಕ್ಕಳು ಗೇಟಿನ ಹೊರಗೆ ನಿಂತು "ಆಂಟೀ, ಗೊಂಬೆ ಕೂರ್ಸಿದೀರಾ?" ಎಂದು ಕೂಗುವುದಿತ್ತು. ಒಳಗೆ ಬಂದು, ಮೆಟ್ಟಿಲ ಮೇಲೆ ಜೋಡಿಸಿದ ಗೊಂಬೆಗಳ ಕಡೆ ಅರೆಗಣ್ಣು ಹಾಯಿಸಿ, ಗೊಂಬೆ ಬಾಗಿನವೆಂದು ಕೊಡುವ ಕೊಬ್ಬರಿ ಮಿಠಾಯಿಯ ಮೇಲೆ ಪೂರ್ತಿ ಕಣ್ಣಿಟ್ಟು, ಅದು ಕೈಗೆ ಬಂದ ಮೇಲೆ "ಲಲಿತಾಂಟಿ ಮನೇಲಿ ಸಖತ್ತಾಗಿದೆ" ಎಂದು ಹೇಳಿ ಹೋಗುತ್ತಿದ್ದವು. ಹಿಂದಿನ ವರ್ಷ ಲಲಿತ ಮೆಟ್ಟಿಲ ಪಕ್ಕದಲ್ಲೊಂದು ಪಾರ್ಕು ಮಾಡಿ, ರಾಗಿ ಚೆಲ್ಲಿ ಹುಲ್ಲು ಬೆಳೆಸಿ, ನಡುವೆ ಗ್ಲೂಕೋಸ್ ಬಾಟಲಿಯ ಟ್ಯೂಬಿನಿಂದ ಕಾರಂಜಿ ಚಿಮ್ಮಿಸಿದ್ದಳು. ನಮ್ಮ ಮನೆಯಲ್ಲಿ ಅದೇ ಪಟ್ಟದ ರಾಜ ರಾಣಿ, ಅದೇ ದಿನಸಿ ಅಂಗಡಿಯ ಶೆಟ್ಟಿ ಶೆಟ್ಟಮ್ಮ, ಅದೇ ಬಣ್ಣ ಹೋದ ಅಂಬಾರಿ ಆನೆ. ನನ್ನ ಗಂಡ ಕೂಡ ಅವಳ ಮನೆಯಿಂದ ಬಂದು "ನೀರು ಮೇಲಕ್ಕೆ ಹೇಗೆ ಬರತ್ತೆ ಅಂತೀನಿ!" ಎಂದು ಎರಡೆರಡು ಸಲ ಆಶ್ಚರ್ಯಪಟ್ಟರು. ನನಗೆ ಮೈಯೆಲ್ಲ ಉರಿಯಿತು.

ಆ ಉರಿ ಒಂದು ವರ್ಷವಾದರೂ ಆರಿರಲಿಲ್ಲ. ಮಾರನೆಯ ವರ್ಷ ನವರಾತ್ರಿಗೆ ಹದಿನೈದು ದಿನವಿರುವಾಗ ಬನಶಂಕರಿ ಬಸ್ ನಿಲ್ದಾಣದಲ್ಲಿ ವೆಂಕೋಬರಾಯರು ಸಿಕ್ಕರು. ಹೈಸ್ಕೂಲಿನಲ್ಲಿ ನಮಗೆ ಡ್ರಾಯಿಂಗ್ ಕಲಿಸಿದ ಮೇಷ್ಟ್ರು, ನಾನು ಬರೆದ ಹೂಜಿಯನ್ನು ನೋಡಿ "ಇದು ಯಾವ ಪ್ರಾಣಿಯಮ್ಮ?" ಎಂದು ನಿಜವಾಗಿಯೂ ತಿಳಿಯದೆ ಕೇಳಿದವರು. ನಿವೃತ್ತರಾಗಿ ಚಿಕ್ಕಲಸಂದ್ರದಲ್ಲಿ ಮನೆ ಕಟ್ಟಿಕೊಂಡಿದ್ದರು. ಬಸ್ಸು ಬರಲಿಲ್ಲ, ಮಾತು ಬಂತು. ಈಗ ಏನು ಮಾಡ್ತಿದೀರಿ ಸಾರ್ ಎಂದು ಕೇಳಿದ್ದಕ್ಕೆ, "ಮ್ಯೂಸಿಯಂಗಳಿಗೆ ಕಾಗದ ಬರೀತೀನಿ" ಎಂದರು. ನನಗೆ ಅರ್ಥವಾಗಲಿಲ್ಲ. "ಒಂದಿನ ಮನೆಗೆ ಬಾ, ತೋರಿಸ್ತೀನಿ" ಎಂದರು. ಆ ಭಾನುವಾರವೇ ಹೋದೆ. ಕುತೂಹಲಕ್ಕೆ ಹೋದೆ ಎಂದು ಬರೆದರೆ ಚೆನ್ನಾಗಿರುತ್ತದೆ, ಆದರೆ ನಿಜವಾಗಿ ಹೋದದ್ದು ಬಸ್ಸಿನಲ್ಲಿ ಬರುವಾಗಲೇ ತಲೆಯಲ್ಲಿ ಲಲಿತನ ಕಾರಂಜಿಯನ್ನು ಸೋಲಿಸುವ ಉಪಾಯವೊಂದು ಮೊಳೆತಿದ್ದರಿಂದ.

ಚಿಕ್ಕಲಸಂದ್ರದಲ್ಲಿ ಆಗ ಮಣ್ಣು ರಸ್ತೆ, ಮನೆಗಿಂತ ಖಾಲಿ ಸೈಟೇ ಹೆಚ್ಚು. ಮೇಷ್ಟ್ರು ನನಗೆ ಕೈ ತೊಳೆದುಕೊಂಡು ಒರೆಸಿಕೊಳ್ಳಲು ಹೇಳಿದರು. ಊಟಕ್ಕೇನೋ ಎಂದುಕೊಂಡೆ. ಆಮೇಲೆ ಮಂಚದ ಕೆಳಗಿನಿಂದ ಒಂದು ಟ್ರಂಕು ಎಳೆದರು. ಅದರಲ್ಲಿ, ಒಣಗಿದ ಬೇವಿನ ಸೊಪ್ಪಿನ ಕೆಳಗೆ, ಪ್ರಪಂಚದ ಮ್ಯೂಸಿಯಂಗಳಿದ್ದವು. ಎಲ್ಲ ಪಿಕ್ಚರ್ ಕಾರ್ಡುಗಳು. ಮೂವತ್ತು ವರ್ಷದಿಂದ ಅವರು ದೇಶ ದೇಶದ ಮ್ಯೂಸಿಯಂಗಳಿಗೆ ಮುತ್ತಿನಂಥ ಅಕ್ಷರದಲ್ಲಿ ಕಾಗದ ಬರೆಯುತ್ತ ಬಂದಿದ್ದರು. ನಾನೊಬ್ಬ ಶಾಲೆಯ ಚಿತ್ರಕಲಾ ಶಿಕ್ಷಕ, ಅಲ್ಲಿಗೆ ಬರುವ ಶಕ್ತಿ ಇಲ್ಲ, ನಿಮ್ಮಲ್ಲಿರುವ ಚಿತ್ರಗಳ ಒಂದು ಕಾರ್ಡು ಕಳಿಸಿದರೆ ಮಕ್ಕಳಿಗೆ ತೋರಿಸುತ್ತೇನೆ, ಇಷ್ಟೇ ಒಕ್ಕಣೆ. ಕೆಲವರು ಕಳಿಸಿದ್ದರು, ಕೆಲವರು ವಿಷಾದಿಸುತ್ತೇವೆ ಎಂದು ಬರೆದಿದ್ದರು. ವಿಷಾದದ ಕಾಗದಗಳನ್ನೂ ಮೇಷ್ಟ್ರು ದಾರ ಕಟ್ಟಿ ಇಟ್ಟಿದ್ದರು. "ಅಷ್ಟು ದೊಡ್ಡೋರು ಕೂತು ಉತ್ತರ ಬರ್ದಿದಾರಲ್ಲಮ್ಮ, ಬಿಸಾಕಕ್ಕಾಗತ್ತಾ?" ಎಂದರು.

ಒಂದೊಂದೇ ಕಾರ್ಡನ್ನು ಅಂಚಿನಲ್ಲಿ ಹಿಡಿದು ಎತ್ತಿ ಅವರು ಹೇಳುತ್ತ ಹೋದರು. ಪ್ಯಾರಿಸ್ಸಿನದು ಮೊದಲು ಕೋಟೆಯಾಗಿತ್ತು, ಆಮೇಲೆ ಅರಮನೆ. ಕ್ರಾಂತಿಯಾದ ಮೇಲೆ ರಾಜನ ಚಿತ್ರಗಳೆಲ್ಲ ಜನರವು ಎಂದು ಬಾಗಿಲು ತೆರೆದರು. ರಷ್ಯದ ರಾಣಿಯೊಬ್ಬಳು ಅರಮನೆಗೆ ಸೇರಿದಂತೆ ತನಗಾಗಿಯೇ ಚಿತ್ರಗಳ ಮನೆ ಕಟ್ಟಿಸಿಕೊಂಡಿದ್ದಳು, ಈಗ ಅದರ ನೆಲಮಾಳಿಗೆಯಲ್ಲಿ ಇಲಿ ಹಿಡಿಯಲು ಬೆಕ್ಕುಗಳ ಸಂಸಾರವೇ ಇದೆ. ಸ್ಪೇನಿನದನ್ನು ಕಟ್ಟಿದ್ದು ಕಲ್ಲು, ಗಿಡ, ಪ್ರಾಣಿಗಳ ಶಾಸ್ತ್ರಕ್ಕೆಂದು, ಕೊನೆಗೆ ಬಂದು ಕೂತವು ರಾಜಮನೆತನದ ಚಿತ್ರಗಳು. ಇಟಲಿಯ ಫ್ಲಾರೆನ್ಸಿನಲ್ಲಿರುವುದಂತೂ ಮೂಲದಲ್ಲಿ ಸರ್ಕಾರಿ ಕಚೇರಿ. ಇದನ್ನು ಕೇಳಿ ನನಗೆ ಬಹಳ ಆನಂದವಾಯಿತು. ನಮ್ಮ ಕಚೇರಿಯಲ್ಲೂ ಆಗಲೇ ಕೆಲವು ಫೈಲುಗಳು, ಕೆಲವು ನೌಕರರು ಆ ದಾರಿಯಲ್ಲಿ ಸಾಕಷ್ಟು ಮುಂದೆ ಹೋಗಿದ್ದರು. (ಮ್ಯೂಸಿಯಂಗಳ ಹೆಸರುಗಳನ್ನು ನಾನಿಲ್ಲಿ ಬರೆಯುತ್ತಿಲ್ಲ. ಆ ಒಂಬತ್ತು ದಿನ ಅವುಗಳನ್ನು ಉಚ್ಚರಿಸಿ ಮಾಡಿದ ಅವಮಾನವೇ ಸಾಕು.)

"ಸಾರ್, ನಮ್ಮನೇ ಗೊಂಬೆಗೆ ಇದನ್ನ ಕೊಡ್ತೀರಾ?" ಎಂದು ಕೇಳಿಯೇಬಿಟ್ಟೆ. ಮೇಷ್ಟ್ರು ಟ್ರಂಕಿನ ಮುಚ್ಚಳವನ್ನು ಅರ್ಧ ಇಳಿಸಿ ಅದರ ಮೇಲೆ ಕೈಯಿಟ್ಟರು. ನಿಮ್ಮ ಹತ್ತಿರ ಇದ್ದರೆ ನೋಡುವವರು ಯಾರು, ನಮ್ಮ ಮನೆಯಲ್ಲಾದರೆ ಇನ್ನೂರು ಜನ ನೋಡುತ್ತಾರೆ ಎಂದೆ. ಆ ಮಾತು ಅವರಿಗೆ ನಾಟಿತು. ಮೂವತ್ತು ಕಾರ್ಡು ಆರಿಸಿ, ಬಿಳಿ ಕಾಗದದಲ್ಲಿ ಸುತ್ತಿ, ನಿಯಮಗಳನ್ನು ಹೇಳಿ ಕೊಟ್ಟರು. ಗೋಂದು ಹಚ್ಚಬಾರದು, ಗುಂಡುಪಿನ್ನು ಚುಚ್ಚಬಾರದು, ದೀಪದ ಹೊಗೆ ತಾಗಬಾರದು, ಬಿಸಿಲು ಬೀಳಬಾರದು, ಮಕ್ಕಳ ಕೈಗೆ ಸಿಗಬಾರದು. ಕುಂಕುಮದ ವಿಷಯ ಏನೂ ಹೇಳಲಿಲ್ಲ. ಪಾಪ, ಯಾವ ದೇಶದ ಯಾವ ಮ್ಯೂಸಿಯಂನ ನಿಯಮದಲ್ಲೂ ಅದು ಇದ್ದಿರಲಾರದು.

ಫೋರ್ತ್ ಬ್ಲಾಕ್ ಕಾಂಪ್ಲೆಕ್ಸಿಗೆ ಹೋಗಿ ನೀಲಿ ವೆಲ್ವೆಟ್ ತಂದೆ. ಏಳು ಮೆಟ್ಟಿಲಲ್ಲಿ ಮೇಲಿನ ಎರಡು ರಾಜ ರಾಣಿ ಮತ್ತು ದೇವರಿಗೆ, ಕೆಳಗಿನ ಎರಡು ಶೆಟ್ಟಿ ಶೆಟ್ಟಮ್ಮನ ಸಂಸಾರಕ್ಕೆ, ನಡುವಿನ ಮೂರು ಪ್ರಪಂಚಕ್ಕೆ. ತೋಳಿಲ್ಲದ ಅಮೃತಶಿಲೆಯ ದೇವತೆಯ ಕಾರ್ಡು ಒಂದಿತ್ತು, ಸೊಂಟದಿಂದ ಮೇಲೆ ಏನೂ ಉಟ್ಟಿರಲಿಲ್ಲ. ಬೀದಿಯ ಹಿರಿಯರು ಬರುತ್ತಾರಲ್ಲ ಎಂದು ಆಕೆಯ ಮುಂದೆ ಜರಿಯ ಲೇಸಿನ ತುಂಡೊಂದನ್ನು ಇಳಿಬಿಟ್ಟೆ. ಕಲೆಯನ್ನು ಕಾಪಾಡಿದ ಹೆಮ್ಮೆ ನನಗಾಯಿತು.

ಮೊದಲ ದಿನದಿಂದಲೇ ಜನವೋ ಜನ. ನಾನು ಊದುಬತ್ತಿ ಕಡ್ಡಿಯೊಂದನ್ನು ಹಿಡಿದು ತೋರಿಸುತ್ತ ಉಪನ್ಯಾಸ ಕೊಡುತ್ತಿದ್ದೆ. ಮೇಷ್ಟ್ರು ಹೇಳಿದ್ದು ನೆನಪಿದ್ದಲ್ಲಿ ಅವರದು, ಇಲ್ಲದ ಕಡೆ ನನ್ನದು. ಕೇಳಿದವರ ಪ್ರಶ್ನೆಗಳೂ ಹಾಗೇ ಇದ್ದವು. "ಅಷ್ಟು ದೊಡ್ಡ ಮನೆ, ಕಸ ಗುಡಿಸೋರ್ ಯಾರು?" "ಅದು ಎಷ್ಟಡಿ ಸೈಟು, ಕಾರ್ನರ್ರಾ?" ನಗುವ ಹೆಂಗಸನ್ನು ತೋರಿಸಿ ಯಾಕೆ ನಗುತ್ತಿದ್ದಾಳೆಂದು ಯಾರಿಗೂ ಗೊತ್ತಿಲ್ಲ ಎಂದು ನಾನು ಗಂಭೀರವಾಗಿ ಹೇಳಿದರೆ, ಎದುರುಮನೆಯಾಕೆ "ಅತ್ತೆ ಊರಿಗೆ ಹೋಗಿರ್ಬೇಕು ಬಿಡ್ರೀ" ಎಂದು ಒಂದೇ ಮಾತಿನಲ್ಲಿ ಬಗೆಹರಿಸಿದಳು.

ಸರಿಯಾಗಿ ಕೇಳಿಸಿಕೊಂಡವರು ಒಬ್ಬರೇ, ಲಲಿತನ ಅತ್ತೆ ಶೇಷಮ್ಮನವರು. ಎಪ್ಪತ್ತು ದಾಟಿತ್ತು. ಪ್ರತಿ ಸಾಯಂಕಾಲ ಎಲ್ಲರಿಗಿಂತ ಮೊದಲು ಬಂದು, ಗೊಂಬೆಗಳ ಹತ್ತಿರ ಎರಡೂ ಕೈ ಬೆನ್ನಹಿಂದೆ ಕಟ್ಟಿಕೊಂಡು, ಬಗ್ಗಿ ಬಗ್ಗಿ ನೋಡುವರು. ಹಳೆಯ ಕಾಲದ ಮಡಿವಂತೆ. ಗಂಡ ಹೋದ ಮೇಲೆ ಅರಿಶಿನ ಕುಂಕುಮದ ಬಟ್ಟಲು ಮುಟ್ಟಿದವರಲ್ಲ. ಹೆಂಗಸರಿಗೆಲ್ಲ ಕುಂಕುಮ ಕೊಡುವ ಹೊತ್ತಿಗೆ ಅವರು ಕಿಟಕಿಯ ಕಡೆ ನೋಡುವರು, ನಾವೂ ಬಟ್ಟಲನ್ನು ಅವರನ್ನು ದಾಟಿಸಿಕೊಂಡು ಮುಂದಕ್ಕೆ ಹೋಗುತ್ತಿದ್ದೆವು. ಅದು ಸರಿಯೇ ಎಂದು ಕೇಳಿಕೊಳ್ಳುವಷ್ಟು ಬುದ್ಧಿ ಆಗ ನನಗಿರಲಿಲ್ಲ. ಆದರೆ ಅವರ ಬಾಯಿ ಮಾತ್ರ ಬಲು ಚುರುಕು. "ನಿನ್ನೆ ಇದನ್ನ ಸ್ಪೇನ್ ಅಂದೆ, ಇವತ್ತು ಇಟಲಿ ಅಂತೀಯಲ್ಲೇ, ರಾತ್ರೋರಾತ್ರಿ ರೈಲು ಹತ್ತಿತಾ?" ಎಂದು ಎಲ್ಲರೆದುರು ಕೇಳಿ ನನ್ನ ಮಾನ ತೆಗೆದರು. ತೋಳಿಲ್ಲದ ದೇವತೆಯನ್ನು ನೋಡಿ, "ಭಿನ್ನವಾದ ವಿಗ್ರಹ ಇಟ್ಕೋಬಾರ್ದು ಅಂತಾರೆ, ಅವರು ಅರಮನೇಲೇ ಇಟ್ಕೊಂಡಿದಾರೆ ನೋಡು. ಒಳ್ಳೇ ಜನ" ಎಂದರು. ಮೂರು ದಿನದಲ್ಲಿ ಮೂವತ್ತೂ ಕಾರ್ಡಿನ ಊರು ಅವರಿಗೆ ಬಾಯಿಪಾಠ. ನನಗಲ್ಲ.

ನಾಲ್ಕನೆಯ ದಿನ ಶುಕ್ರವಾರ. ಸಾಯಂಕಾಲ ನನ್ನ ಕಚೇರಿಯವರು ಬರುವುದಿತ್ತು, ಗಿರಿಜಳೂ ಸೇರಿ. ಅವರೆದುರು ತೊದಲಬಾರದೆಂದು ಬೆಳಿಗ್ಗೆ ಸ್ನಾನ ಮಾಡಿ, ಗೊಂಬೆ ಪೂಜೆಗೆ ನಿಂತಾಗಲೇ ಉಪನ್ಯಾಸವನ್ನು ಗಟ್ಟಿಯಾಗಿ ಹೇಳಿಕೊಳ್ಳತೊಡಗಿದೆ. "ರಷ್ಯದ ರಾಣಿ ಏನ್ ಮಾಡಿದ್ಲು ಅಂದ್ರೆ..." ಎನ್ನುತ್ತ ಗಂಧದ ಬಟ್ಟಲು, ಕುಂಕುಮದ ಬಟ್ಟಲು ಹಿಡಿದು ಮೇಲಿನ ಮೆಟ್ಟಿಲಿಂದ ಶುರುಮಾಡಿದೆ. ಬೆರಳನ್ನು ನೀರಿನಲ್ಲಿ ಅದ್ದುವುದು, ಕುಂಕುಮ ತೆಗೆಯುವುದು, ಹಚ್ಚುವುದು. ರಾಜನಿಗೆ ಗಂಧ, ರಾಣಿಗೆ ಕುಂಕುಮ, ಲಕ್ಷ್ಮಿಗೆ ಕುಂಕುಮ. ರಷ್ಯದ ಬೆಕ್ಕುಗಳ ವಿಷಯ ಮುಗಿಸಿ ಪ್ಯಾರಿಸ್ಸಿನ ಕ್ರಾಂತಿಗೆ ಬರುವ ಹೊತ್ತಿಗೆ ಶೆಟ್ಟಮ್ಮನ ಹಣೆಯೂ ಮುಗಿದಿತ್ತು. ಬಟ್ಟಲು ಕೆಳಗಿಟ್ಟು ಕೈಮುಗಿದು ಕಣ್ಣು ಬಿಟ್ಟು ನೋಡುತ್ತೇನೆ, ನಡುವಿನ ಮೂರು ಮೆಟ್ಟಿಲಿನಲ್ಲಿ ಯೂರೋಪಿನ ಏಳು ಜನ ಹೆಂಗಸರು ಹಣೆಯ ತುಂಬ ಕುಂಕುಮ ಇಟ್ಟುಕೊಂಡು ನನ್ನನ್ನೇ ನೋಡುತ್ತಿದ್ದಾರೆ! ನಾಲ್ಕು ಜನ ಗಂಡಸರಿಗೆ ಗಂಧ. ನಗುವ ಹೆಂಗಸಿಗೆ ಬೀದಿಯ ಯಾವ ಮದುವಣಗಿತ್ತಿಗೂ ಇಲ್ಲದಷ್ಟು ದೊಡ್ಡ ಬೊಟ್ಟು. ಹಾಲೆಂಡಿನ ಕಡೆಯ ಕಪ್ಪು ಬಟ್ಟೆಯ ಮುದುಕಿಯೊಬ್ಬಳ ಹಣೆ ಮಾತ್ರ ಖಾಲಿ. ಬಾಯಿ ಚರಿತ್ರೆ ಹೇಳುತ್ತಿದ್ದಾಗ ಕೈ ತನ್ನಷ್ಟಕ್ಕೆ ಯಾರಿಗೆ ಹಚ್ಚಬೇಕು, ಯಾರನ್ನು ದಾಟಬೇಕು ಎಂದು ತೀರ್ಮಾನ ಮಾಡಿತ್ತು.

ಅಯ್ಯೋ ದೇವರೇ ಎಂದು ಹತ್ತಿ ತಂದು ಒರೆಸಿದೆ. ಒದ್ದೆ ಕುಂಕುಮ, ಮೂಗಿನವರೆಗೂ ಹರಡಿತು. ಮಗನ ರಬ್ಬರು ತಂದು ಉಜ್ಜಿದೆ. ಹಣೆಯ ಬಣ್ಣವೇ ಎದ್ದುಬಂತು. ಅಷ್ಟರಲ್ಲಿ ನನ್ನ ಗಂಡ ಕಾಫಿ ಲೋಟ ಹಿಡಿದು ಬಂದವರು "ಇದೇನೇ ಇದು! ಯಾರು ಹಚ್ಚಿದ್ದು?" ಎಂದರು.

ಆಗ ನಾನು ಸುಳ್ಳು ಹೇಳಲಿಲ್ಲ. ಇದನ್ನು ನೀವು ಗಮನಿಸಬೇಕು. "ನಿನ್ನೆ ಸಾಯಂಕಾಲ ಶೇಷಮ್ಮನವರು ಗೊಂಬೆ ಹತ್ರ ತುಂಬ ಹೊತ್ತು ನಿಂತಿದ್ರು" ಎಂದೆ, ಅಷ್ಟೇ. ಅವರು ನಿಂತಿದ್ದದ್ದು ನಿಜ. ಅದಕ್ಕಿಂತ ನೀಚವಾದ ನಿಜವನ್ನು ನಾನು ಅದಕ್ಕೆ ಮೊದಲೂ ಹೇಳಿಲ್ಲ, ಆಮೇಲೂ ಹೇಳಿಲ್ಲ. ಹೇಳುವಾಗ ಕೆಂಪಗಿದ್ದ ನನ್ನ ಬೆರಳನ್ನು ಸೆರಗಿನಲ್ಲಿ ಮುಚ್ಚಿಕೊಂಡಿದ್ದೆ. "ಪಾಪ, ವಯಸ್ಸಾಯ್ತು" ಎಂದು ಇವರು ಹಾಲು ತರಲು ಹೋದರು. ಹಾಲಿನ ಬೂತಿನ ಮುಂದೆ ಯಾರಿಗೋ ಮರುಕದಿಂದಲೇ ಹೇಳಿರಬೇಕು. ಹತ್ತು ಗಂಟೆಗೆಲ್ಲ ನಮ್ಮ ಬೀದಿಯ ಕೊನೆಯ ಮನೆಗೂ ವಿಷಯ ಗೊತ್ತಿತ್ತು. ಯಾವತ್ತೂ ಬಟ್ಟಲು ಮುಟ್ಟದ ಶೇಷಮ್ಮನವರು ಹೇಗೆ ಕುಂಕುಮ ಹಚ್ಚಿಯಾರು ಎಂದು ಒಬ್ಬರೂ ಕೇಳಲಿಲ್ಲ. ಮುಟ್ಟಬಾರದ್ದನ್ನು ಮುಟ್ಟಿದ್ದಾರೆಂದರೆ ಮರೆವು ಜಾಸ್ತಿಯೇ ಆಗಿರಬೇಕು ಎಂದುಕೊಂಡರು.

ಮಧ್ಯಾಹ್ನ ಲಲಿತ ಬಂದಳು. ಬಾಗಿಲಲ್ಲೇ ನಿಂತು "ವತ್ಸಲ, ಬೇಜಾರ್ ಮಾಡ್ಕೋಬೇಡ ಕಣೆ. ನಮ್ಮತ್ತೆಗೆ ಹೀಗಾಗಿದೆ ಅಂತ ನಂಗೆ ಗೊತ್ತೇ ಆಗ್ಲಿಲ್ಲ" ಎಂದು ತಲೆ ತಗ್ಗಿಸಿದಳು. ಕಾರಂಜಿಯ ಲಲಿತ ನನ್ನ ಮುಂದೆ ತಲೆ ತಗ್ಗಿಸಿದ್ದು ಅದೇ ಮೊದಲು. ಹೇಳಲು ನಾಚಿಕೆಯಾಗುತ್ತದೆ, ನನಗೆ ಒಳಗೊಳಗೇ ಹಿತವಾಯಿತು. "ಪರವಾಗಿಲ್ಲ ಬಿಡು, ದೊಡ್ಡೋರು" ಎಂದು ಕ್ಷಮಿಸಿದೆ. ನಾನು! ಕ್ಷಮಿಸಿದೆ!

ಅಂದು ಸಾಯಂಕಾಲ ಶೇಷಮ್ಮನವರು ಬರಲಿಲ್ಲ, ಮಾರನೆಯ ದಿನವೂ ಬರಲಿಲ್ಲ. ನನ್ನ ಉಪನ್ಯಾಸ ಮಾತ್ರ ನಿಲ್ಲಲಿಲ್ಲ. ಗಿರಿಜ ಬಾಯಿಬಿಟ್ಟುಕೊಂಡು ಕೇಳಿ ಎಕ್ಸ್‌ಪರ್ಟ್ ಎಂಬ ಬಿರುದು ಕೊಟ್ಟದ್ದು ಆಗಲೇ. ಹುಬ್ಬಳ್ಳಿ ಕಡೆಯಿಂದ ಬಂದು ಬಿಟಿಎಂ ಲೇಔಟಿನಲ್ಲಿ ಮನೆ ಮಾಡಿದ್ದ ಹುಡುಗಿಯೊಬ್ಬಳು ಅವಳ ಜೊತೆ ಬಂದಿದ್ದಳು. ನಗುವ ಹೆಂಗಸಿನ ಹಣೆ ನೋಡಿ "ಅವರ ಕಡೇನೂ ಕುಂಕುಮ ಹಚ್ತಾರೇನ್ರೀ ಅಕ್ಕಾರ?" ಎಂದು ಕೇಳಿದಳು. "ಆ ಕಾಲದಲ್ಲಿ ಹಚ್ತಿದ್ರಂತೆ" ಎಂದೆ. ಅವಳು ನಂಬಿದಳು. ಎಲ್ಲಿಯಾದರೂ ಅದನ್ನು ಪರೀಕ್ಷೆಯಲ್ಲಿ ಬರೆದಿರದಿದ್ದರೆ ಸಾಕು.

ಏಳನೆಯ ದಿನ ತಡೆಯಲಾರದೆ ಕೋಸಂಬರಿಯ ಡಬ್ಬಿ ಹಿಡಿದು ಲಲಿತನ ಮನೆಗೆ ಹೋದೆ. ಶೇಷಮ್ಮನವರು ನಡುಮನೆಯಲ್ಲಿ ಗೋಡೆಗೊರಗಿ ಕೂತಿದ್ದರು. ಅಡಿಗೆಮನೆಯಿಂದ ಲಲಿತ ಕಣ್ಸನ್ನೆ ಮಾಡಿ ನನ್ನನ್ನು ಒಳಗೆ ಕರೆದು, "ಒಬ್ರನ್ನೇ ದೇವಸ್ಥಾನಕ್ಕೂ ಕಳಿಸ್ತಿಲ್ಲ ಕಣೆ. ಒಲೆ ಹತ್ರ ಬಿಡ್ತಿಲ್ಲ. ಹಬ್ಬ ಮುಗೀಲಿ, ನರದ ಡಾಕ್ಟ್ರಿಗೆ ತೋರಿಸ್ತೀವಿ" ಎಂದು ಪಿಸುಗುಟ್ಟಿದಳು. ಅವಳ ಕಣ್ಣಲ್ಲಿ ನೀರಿತ್ತು. ನಡುಮನೆಗೆ ಬಂದರೆ ಶೇಷಮ್ಮನವರು ನನ್ನ ಕೈ ಹಿಡಿದು ಪಕ್ಕದಲ್ಲಿ ಕೂರಿಸಿಕೊಂಡರು.

"ವತ್ಸಲ, ನಾನು ಹಚ್ಚಿದ್ದನ್ನ ನೀನು ಕಣ್ಣಾರೆ ನೋಡಿದ್ಯಾ?"

"ಈಗ ಅದ್ಯಾಕೆ ಬಿಡಿ..."

"ಅಲ್ಲ ಕಣೆ, ಹನ್ನೆರಡು ವರ್ಷ ಆಯ್ತು ನಾನು ಆ ಬಟ್ಲು ಮುಟ್ಟಿ. ಮುಟ್ಟಿದ್ದು ಕೂಡ ನೆನಪಿಲ್ಲ ಅಂದ್ರೆ, ಇನ್ನೂ ಏನೇನು ಮಾಡ್ತಿದೀನೋ. ನಂಗೆ ಹೆದರಿಕೆ ಆಗತ್ತೆ."

ಆಗಲಾದರೂ ಹೇಳಬಹುದಿತ್ತಲ್ಲ ಎನ್ನುತ್ತೀರಿ. ಒಲೆಯ ಮೇಲೆ ಹಾಲಿಟ್ಟು ಬಂದಿದ್ದೇನೆ ಎಂದು ಹೇಳಿ ಎದ್ದು ಬಂದುಬಿಟ್ಟೆ. ಹಾಲು ಗೀಲು ಏನೂ ಇರಲಿಲ್ಲ. ಮನೆಗೆ ಬಂದು ಬ್ರಿಟನ್ನಿನ ಸಾಹುಕಾರನೊಬ್ಬನ ಚಿತ್ರಗಳನ್ನು ಸರ್ಕಾರ ಕೊಂಡು ಮೊದಲು ಅವನ ಮನೆಯಲ್ಲೇ ತೂಗುಹಾಕಿದ್ದರ ಬಗ್ಗೆ ಆರು ಜನರಿಗೆ ಉಪನ್ಯಾಸ ಕೊಟ್ಟೆ. ನನ್ನ ಧ್ವನಿ ನನಗೇ ಹೇಸಿಗೆಯಾಯಿತು.

ವಿಜಯದಶಮಿಯ ಸಾಯಂಕಾಲ ವೆಂಕೋಬರಾಯರು ಕಾರ್ಡುಗಳನ್ನು ತೆಗೆದುಕೊಂಡು ಹೋಗಲು ಬಂದರು. ಒಗೆದು ಇಸ್ತ್ರಿ ಮಾಡಿದ ಬಿಳಿ ಅಂಗಿ, ಕಂಕುಳಲ್ಲಿ ಬಿಳಿ ಕಾಗದದ ಕಟ್ಟು. ಆರತಿಗೆಂದು ಬೀದಿಯ ಹೆಂಗಸರು ಸೇರಿದ್ದರು. ಲಲಿತ ಶೇಷಮ್ಮನವರ ತೋಳು ಹಿಡಿದುಕೊಂಡು ಬಂದಿದ್ದಳು. "ಮೇಷ್ಟ್ರ ಹತ್ರ ಕ್ಷಮೆ ಕೇಳ್ಬೇಕು ಅಂತ ಹಟ ಮಾಡಿದ್ರು" ಎಂದು ನನ್ನ ಕಿವಿಯಲ್ಲಿ ಹೇಳಿದಳು.

ಮೇಷ್ಟ್ರು ಮೆಟ್ಟಿಲ ಮುಂದೆ ನಿಂತು ನೋಡಿದರು. ಕನ್ನಡಕ ತೆಗೆದು ಒರೆಸಿ ಮತ್ತೆ ಹಾಕಿಕೊಂಡು ನೋಡಿದರು. ನಗುವ ಹೆಂಗಸಿನ ಕಾರ್ಡನ್ನು ಅಂಚಿನಲ್ಲಿ ಹಿಡಿದು ದೀಪದ ಬೆಳಕಿಗೆ ತಿರುಗಿಸಿದರು. ಹಣೆಯಿಂದ ಮೂಗಿನವರೆಗೆ ಗುಲಾಬಿ, ರಬ್ಬರು ಉಜ್ಜಿದಲ್ಲಿ ಬಿಳಿ. "ಇದು ಸಿಕ್ಕಿದ್ದು ಮೂರನೇ ಕಾಗದಕ್ಕೆ" ಎಂದರು, ನಮಗಲ್ಲ, ತಮಗೇ ಹೇಳಿಕೊಂಡ ಹಾಗೆ. ಬೈದಿದ್ದರೆ ಚೆನ್ನಾಗಿತ್ತು. ಅವರು ಚಾಪೆಯ ಮೇಲೆ ಕೂತು, ಕಲೆಯಾದ ಹನ್ನೊಂದು ಕಾರ್ಡನ್ನು ಬೇರೆ ಮಾಡಿ, ಜೇಬಿನಿಂದ ಪೆನ್ಸಿಲು ತೆಗೆದರು.

"ಏನ್ ಬರೀತೀರಿ ಸಾರ್?" ಎಂದು ನನ್ನ ಗಂಡ ಕೇಳಿದರು.

"ದೊಡ್ಡ ಮ್ಯೂಸಿಯಂನಲ್ಲಿ ಚಿತ್ರಕ್ಕೊಂದು ಫೈಲ್ ಇರತ್ತೆ ಸ್ವಾಮಿ. ಯಾವಾಗ ಬಿರುಕು ಬಿಡ್ತು, ಯಾವಾಗ ನೀರು ಬಿತ್ತು, ಯಾರ ಕೈಲಿ ಏನಾಯ್ತು, ಎಲ್ಲ ಬರ್ದಿಡ್ತಾರೆ. ಬೈಯೋಕಲ್ಲ. ಮುಂದೆ ನೋಡೋರಿಗೆ ನಿಜ ಗೊತ್ತಿರ್ಲಿ ಅಂತ. ನಂದು ಟ್ರಂಕೇ ಆದ್ರೂ ಪದ್ಧತಿ ಪದ್ಧತೀನೇ." ಕಾರ್ಡಿನ ಹಿಂದೆ ಅದೇ ಮುತ್ತಿನಂಥ ಅಕ್ಷರದಲ್ಲಿ ಬರೆದರು: ಜಯನಗರ, ನವರಾತ್ರಿ, ಕುಂಕುಮ. ಪೆನ್ಸಿಲು ನಿಂತಿತು. "ಯಾರ ಕೈಯಿಂದ?" ಎಂದರು.

ಎಲ್ಲರೂ ಎಲ್ಲಿ ನೋಡಬಾರದೋ ಅಲ್ಲಿ ನೋಡಿದರು. ಶೇಷಮ್ಮನವರು ಲಲಿತನ ಕೈ ಬಿಡಿಸಿಕೊಂಡು ಒಂದು ಹೆಜ್ಜೆ ಮುಂದೆ ಬಂದರು. "ನನ್ನ ಹೆಸ್ರು ಬರ್ಕೊಳ್ಳಿ ಮೇಷ್ಟ್ರೇ. ಶೇಷಮ್ಮ ಅಂತ. ನಂಗೆ ನೆನಪಿಲ್ಲ, ಆದ್ರೆ ಎಲ್ರೂ ಹೇಳ್ತಾರೆ, ನಾನೇ ಇರ್ಬೇಕು. ನಿಮ್ಮ ಸಾಮಾನು ಹಾಳುಮಾಡ್ಬಿಟ್ಟೆ, ಮನ್ನಿಸ್ಬೇಕು" ಎಂದು ಕೈಮುಗಿದರು. ಮೇಷ್ಟ್ರು ತಲೆಯಾಡಿಸಿ ಪೆನ್ಸಿಲನ್ನು ಕಾರ್ಡಿಗೆ ತಂದರು.

"ಶೇ" ಎಂದು ಒಂದಕ್ಷರ ಬರೆದಿದ್ದರು. ನನ್ನಿಂದ ನೋಡಲಾಗಲಿಲ್ಲ.

"ಸಾರ್, ಬರೀಬೇಡಿ. ನಾನು. ನಾನೇ ಹಚ್ಚಿದ್ದು" ಎಂದೆ. "ಪೂಜೆ ಮಾಡ್ತಾ ಉಪನ್ಯಾಸ ಹೇಳ್ಕೋತಿದ್ದೆ, ಕೈ ಹೋಗ್ಬಿಡ್ತು. ಒರೆಸಿದ್ದೂ ನಾನೇ, ರಬ್ಬರ್ ಹಾಕಿದ್ದೂ ನಾನೇ. ಶೇಷಮ್ಮನವರು ಏನೂ ಮುಟ್ಟಿಲ್ಲ."

ಲಲಿತ ನನ್ನನ್ನು ನೋಡಿದ ನೋಟವನ್ನು ನಾನಿಲ್ಲಿ ವರ್ಣಿಸುವುದಿಲ್ಲ, ಅದು ನನಗೆ ಸಲ್ಲಬೇಕಾದದ್ದೇ. ಮೇಷ್ಟ್ರು ಆ ಒಂದಕ್ಷರವನ್ನು ಅಳಿಸಿ, ಹನ್ನೊಂದು ಕಾರ್ಡಿನ ಹಿಂದೆಯೂ ಸಾವಧಾನವಾಗಿ, ವತ್ಸಲ, ವತ್ಸಲ, ವತ್ಸಲ ಎಂದು ಬರೆಯುತ್ತ ಹೋದರು. ಪ್ರಪಂಚದ ಕಲಾಸಂಗ್ರಹಗಳಲ್ಲಿ ನನ್ನ ಹೆಸರು ಸೇರಿದ್ದು ಹೀಗೆ. ಹನ್ನೊಂದನೆಯದು ಮುಗಿಯುವವರೆಗೂ ನಾನು ನಿಂತೇ ಇದ್ದೆ.

ಶೇಷಮ್ಮನವರು ನನ್ನ ಹತ್ತಿರ ಬಂದರು. ಹೊಡೆಯುತ್ತಾರೆ ಎಂದುಕೊಂಡೆ, ಹೊಡೆಯಲಿ ಎಂದೂ ಅನ್ನಿಸಿತು. ಅವರು ನನ್ನ ಗಲ್ಲ ಹಿಡಿದೆತ್ತಿ ಮುಖ ನೋಡಿದರು.

"ಹಾಗಾದ್ರೆ ನಾನು ಮುಟ್ಟಲಿಲ್ಲ?"

"ಇಲ್ಲ."

"ನನ್ ತಲೆ ಸರಿಯಾಗೇ ಇದೆ?"

"ಇದೆ. ನಮ್ಮೆಲ್ರಿಗಿಂತ ಸರಿಯಾಗಿದೆ."

"ಆರು ದಿನ ವತ್ಸಲ! ಆರು ದಿನ ನಾನು ನಲ್ಲಿ ನಿಲ್ಲಿಸಿದೀನಾ, ಬಾಗ್ಲು ಹಾಕಿದೀನಾ ಅಂತ ನಾಕ್ ನಾಕ್ ಸಲ ಎದ್ದು ಹೋಗಿ ನೋಡಿದೀನಿ. ಮೊಮ್ಮಗನ ಹೆಸ್ರು ಮರ್ತುಬಿಟ್ರೆ ಅಂತ ಅದನ್ನೇ ಜಪ ಮಾಡ್ಕೊಂಡು ಮಲಗಿದೀನಿ."

ಅವರ ಕಣ್ಣಿಂದ ನೀರು ಇಳಿಯುತ್ತಿತ್ತು, ಮುಖ ಮಾತ್ರ ಬೆಳಗುತ್ತಿತ್ತು. ನಾನು ತಪ್ಪಾಯಿತು ಎಂದೆ. ಅದು ಅವರಿಗೆ ಬೇಕಾಗಿರಲಿಲ್ಲ. ತಪ್ಪಾಯಿತೆಂಬ ಮಾತನ್ನು ನೊಣ ಓಡಿಸುವ ಹಾಗೆ ಕೈಬೀಸಿ ಓಡಿಸಿದರು.

"ಅದಿರ್ಲಿ. ಹಚ್ಚಿದ್ದು ನೀನು ಅಂದ್ಯಲ್ಲ, ಅದನ್ನ ಇನ್ನೊಂದ್ಸಲ ಹೇಳು. ಇವ್ರಿಗೆಲ್ಲ ಕೇಳ್ಸೋ ಹಾಗೆ ಹೇಳು."

"ನಾನು ಹಚ್ಚಿದ್ದು."

"ಲಲಿತನ ಕಡೆ ತಿರುಗಿ ಹೇಳು."

ತಿರುಗಿ ಹೇಳಿದೆ.

"ಇನ್ನೊಂದ್ಸಲ" ಎಂದರು ಶೇಷಮ್ಮನವರು.